ರುಡಾಲ್ಫ್ ಡೀಸೆಲ್ ಯಾರಿಗಾಗಿ ಇಂಜಿನ್ ಕಟ್ಟಿದ? ಬಂಗಾರಪೇಟೆಯ ಗ್ಯಾರೇಜಿನಲ್ಲಿ ನಿಂತು ನೋಡಿದರೆ

ಡೀಸೆಲ್ ಅಂದರೆ ನಮಗೆ ಬಂಕಿನ ಬೋರ್ಡಿನ ಮೇಲಿನ ದರ, ಹೆಚ್ಚೆಂದರೆ ಅದರ ತೆರಿಗೆಯ ಜಗಳ. ಅದು ಒಬ್ಬ ಮನುಷ್ಯನ ಹೆಸರು, ಆತನಿಗೊಂದು ರಾಜಕೀಯವೂ ಇತ್ತು ಅನ್ನೋದು ಮರೆತೇ ಹೋಗಿದೆ. ಇಂಜಿನಿಯರಿಂಗ್ ಓದುವಾಗ ನಾನು ಡೀಸೆಲ್ ಸೈಕಲ್‌ನ ಗ್ರಾಫ್ ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆತ ಯಾರಿಗಾಗಿ ಆ ಇಂಜಿನ್ ಕಟ್ಟಲು ಹೊರಟ ಅಂತ ಯಾವ ಪಠ್ಯವೂ ಹೇಳಲಿಲ್ಲ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಜರ್ಮನಿಯಿಂದ ಬಂದು ನೆಲೆಸಿದ ಬುಕ್ ಬೈಂಡರ್. 1870ರಲ್ಲಿ ಫ್ರಾನ್ಸ್–ಪ್ರಷ್ಯಾ ಯುದ್ಧ ಶುರುವಾದಾಗ, ಜರ್ಮನ್ನರು ಅನ್ನುವ ಒಂದೇ ಕಾರಣಕ್ಕೆ ಕುಟುಂಬ ಊರು ಬಿಟ್ಟು ಲಂಡನ್ ಸೇರಬೇಕಾಯಿತು. ಹನ್ನೆರಡರ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗ್‌ನ ನೆಂಟರ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆಯ ಪಾಠ ಕೇಳುವಾಗ ಒಂದು ಲೆಕ್ಕ ತಲೆ ಹೊಕ್ಕಿತು: ಹಬೆ ಯಂತ್ರದಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದ ಬಹುಪಾಲು ಪೋಲಾಗುತ್ತದೆ.

ಆ ಲೆಕ್ಕದ ಹಿಂದೆ ಇನ್ನೊಂದಿತ್ತು. ಹಬೆ ಯಂತ್ರ ದೊಡ್ಡದು, ದುಬಾರಿ. ಅದನ್ನು ಕೊಳ್ಳುವ ತಾಕತ್ತು ಇದ್ದದ್ದು ದೊಡ್ಡ ಬಂಡವಾಳಿಗನಿಗೆ ಮಾತ್ರ. ನೇಕಾರ, ಬಡಗಿ, ಕಮ್ಮಾರ ತಮ್ಮ ಕಸುಬು ಬಿಟ್ಟು ಅವನ ಕಾರ್ಖಾನೆಗೆ ಕೂಲಿಗೆ ಹೋಗಬೇಕು. ಸಣ್ಣದಾಗಿ, ಕಡಿಮೆ ಇಂಧನದಲ್ಲಿ ಓಡುವ ಇಂಜಿನ್ ಇದ್ದರೆ ಅವರು ತಮ್ಮ ಮನೆಯಲ್ಲೇ ಬದುಕಬಹುದು ಅನ್ನೋದು ಡೀಸೆಲ್‌ನ ಆಸೆ.

1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. 1893ರ ಮೊದಲ ಪ್ರಯೋಗದಲ್ಲಿ ಸ್ಫೋಟವಾಯಿತು, ಜೀವ ಉಳಿಯಿತು. 1897ರ ಪರೀಕ್ಷೆಯಲ್ಲಿ ಇಂಧನದ ಶಕ್ತಿಯ ಶೇ. 26.2ರಷ್ಟನ್ನು ಕೆಲಸಕ್ಕೆ ತಿರುಗಿಸಿ ತೋರಿಸಿದ. ಅಂದಿನ ಬಹುತೇಕ ಹಬೆ ಯಂತ್ರಗಳಿಗೆ ಶೇ. 10 ದಾಟೋದೇ ಕಷ್ಟವಿತ್ತು.

ಗುಟ್ಟು ಇಷ್ಟೇ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಬೇಡ. ಬರೀ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂದರೆ, ಆ ಬಿಸಿಗೆ ಒಳಗೆ ಚಿಮ್ಮಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ ಗಾಳಿಯ ದಾರಿಯನ್ನು ಕಿರಿದು ಮಾಡಿ ವೇಗ ತಗ್ಗಿಸುತ್ತದೆ, ಹಾಗಾಗಿ ಅದರ ಬೆನ್ನಿಗೆ ವ್ಯಾಕ್ಯೂಮ್ ಪುಕ್ಕಟೆ ಸಿಗುತ್ತದೆ. ಹಳೆಯ ಡೀಸೆಲ್ ಇಂಜಿನ್ ಯಾವಾಗಲೂ ತುಂಬು ಉಸಿರು ಎಳೆಯುತ್ತದೆ, ಅದರಲ್ಲಿ ವ್ಯಾಕ್ಯೂಮ್ ಇಲ್ಲ. ಬ್ರೇಕ್‌ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್‌ಗೆ ಬೇರೆಯೇ ಪಂಪ್ ಕಟ್ಟಬೇಕು.

ಬಂಗಾರಪೇಟೆಯಲ್ಲಿ ಟೊಮೆಟೊ ಕ್ರೇಟ್ ಹೊತ್ತ ಹಳೇ 407 ಗ್ಯಾರೇಜಿಗೆ ಬಂದು, ಪಿಕಪ್ ಇಲ್ಲ, ಬ್ರೇಕೂ ಕಲ್ಲಿನಂಗೆ ಗಟ್ಟಿ ಅಂತ ಡ್ರೈವರ್ ದೂರಿದರೆ, ಮೇಸ್ತ್ರಿ ಅದನ್ನು ಎರಡು ಕಾಯಿಲೆಯಾಗಿ ನೋಡುತ್ತಾನೆ. ಇಂಜಿನ್ ಆಫ್ ಮಾಡಿ ಬ್ರೇಕನ್ನು ನಾಲ್ಕೈದು ಸಲ ತುಳಿದು, ಕಾಲು ಒತ್ತಿಹಿಡಿದೇ ಸ್ಟಾರ್ಟ್ ಮಾಡಬೇಕು. ಪೆಡಲ್ ಒಂಚೂರು ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಇಳಿಯಲಿಲ್ಲವೋ, ವ್ಯಾಕ್ಯೂಮ್ ಪಂಪ್, ಹೋಸ್ ಪೈಪ್, ಬೂಸ್ಟರ್ ಈ ಮೂರರಲ್ಲೇ ದೋಷ. ತುಳಿದಾಗ ಬುಸ್ ಅಂದರೆ ಹೆಚ್ಚಾಗಿ ಬೂಸ್ಟರ್‌ನ ಒಳಗಿನ ಪೊರೆ ಹರಿದಿದೆ. ಇನ್ನು ಇಂಜಿನ್ ಮಿಸ್ ಹೊಡೆದರೆ, ನಾಝಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಹೋಗಬೇಕು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಪ್ಪು ಹೊಗೆಯಾದರೆ ಗಾಳಿಗಿಂತ ಎಣ್ಣೆ ಹೆಚ್ಚು, ನೀಲಿಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ. ಕಣ್ಣು, ಕಿವಿ, ಒಂದು ಸ್ಪ್ಯಾನರ್, ಇಷ್ಟೇ ಬಂಡವಾಳ. ಡೀಸೆಲ್ ಕಂಡ ಕನಸು ಇಂಥ ಕಡೆಯೇ ಒಂದಿಷ್ಟು ನಿಜವಾಗಿದೆ ಅನ್ನೋದು ನನ್ನ ವಾದ.

ಅದನ್ನು ನೋಡಲು ಆತ ಉಳಿಯಲಿಲ್ಲ. ಅವನ ಇಂಜಿನ್ ಕುಶಲಕರ್ಮಿಯ ಮನೆಗೆ ಹೋಗುವ ಬದಲು ಕಾರ್ಖಾನೆ, ಹಡಗು, ಸಬ್‌ಮರೀನ್‌ಗಳಿಗೆ ಹೋಯಿತು. ಕಾರ್ಮಿಕರೇ ಕಾಸು ಕೂಡಿಸಿ ಕಾರ್ಖಾನೆಗಳ ಒಡೆಯರಾಗಬೇಕು ಅಂತ 1903ರಲ್ಲಿ ಒಂದು ಪುಸ್ತಕ ಬರೆದ. ಜನ ಅದನ್ನು ಕೊಳ್ಳಲಿಲ್ಲ. ಪೇಟೆಂಟ್ ವ್ಯಾಜ್ಯ, ಕೈಸುಟ್ಟ ಹೂಡಿಕೆಗಳಿಂದ ಸಾಲ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡ್‌ಗೆ ಹೊರಟ ಡ್ರೆಸ್ಡೆನ್ ಹಡಗಿನಿಂದ ಕಾಣೆಯಾದ. ಕೆಲ ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ದೇಹದ ವಸ್ತುಗಳನ್ನು ಮಗ ಗುರುತಿಸಿದ. ಡೀಸೆಲ್ ಲಾರಿಗಳು ರಸ್ತೆಗೆ ಇಳಿದದ್ದು ಅದಾಗಿ ಹತ್ತು ವರ್ಷದ ಮೇಲೆ.

ದೊಡ್ಡ ಯಂತ್ರ ಯಾರ ಕೈಯಲ್ಲಿರುತ್ತದೆ ಅನ್ನೋ ಪ್ರಶ್ನೆ ಕೆಜಿಎಫ್‌ಗೆ ಹೊಸದಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯಿತು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು. ಯಂತ್ರ ಕಂಪನಿಯದು, ಆಮೇಲೆ ಸರ್ಕಾರದ್ದು, ಕಾರ್ಮಿಕನದು ಎಂದೂ ಅಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವನ ಕೈಗೆ ಉಳಿದದ್ದು ಬೆಂಗಳೂರಿಗೆ ಬೆಳಗಿನ ರೈಲು. ಸ್ವಂತದ್ದೊಂದು ಹಳೇ ಲಾರಿ ಇದ್ದವನಿಗೆ ಕನಿಷ್ಠ ಒಂದು ದಾರಿ ಇತ್ತು.

ಆ ದಾರಿಯೂ ಈಗ ಕಿರಿದಾಗುತ್ತಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳ ಹೊಗೆ ಕಡಿಮೆ, ಅದು ಬೇಕಾದದ್ದೇ. ಆದರೆ ಕಾಯಿಲೆ ಪತ್ತೆಗೆ ಸ್ಕ್ಯಾನರ್ ಬೇಕು, ಅದರ ಸಾಫ್ಟ್‌ವೇರ್‌ನ ಬೀಗ ಬಹುಮಟ್ಟಿಗೆ ಕಂಪನಿಗಳ ಕೈಯಲ್ಲಿದೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿಗೆ ಪೋರ್ಟಲ್ ತೆರೆಯಿತು. ಪೋರ್ಟಲ್ ಅನ್ನೋದು ಕಾನೂನಲ್ಲ. ಮ್ಯಾನ್ಯುಯಲ್, ಬಿಡಿಭಾಗ, ಸ್ಕ್ಯಾನರ್ ಕೋಡ್ ಇವೆಲ್ಲ ಬೀದಿ ಬದಿಯ ಮೇಸ್ತ್ರಿಗೂ ನ್ಯಾಯದ ಬೆಲೆಗೆ ಸಿಗಬೇಕು ಅಂತ ಕಾನೂನು ಬರಬೇಕು. ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬಂದವರ ಮುಂದೆ ಡೀಸೆಲ್ ದರದ ಜೊತೆ ಇದನ್ನೂ ಇಡಿ.