ಕಾವೇರಿಗೆ ಕಟ್ಟುಪಾಡು, ಕಾವೇರಿಯಿಂದ ಕರೆಂಟು: ಒಬ್ಬ ದಿವಾನರ ಎರಡು ತೀರ್ಮಾನ

ಜುಲೈ ಬಂತೆಂದರೆ ಮಂಡ್ಯ, ಮೈಸೂರಿನ ಗೆಳೆಯರ ಫೋನ್ ಶುರು. ನಿಮ್ಮಲ್ಲಿ ಮಳೆ ಹೇಗಿದೆ, ಭಾಗಮಂಡಲದಲ್ಲಿ ಹೊಳೆ ರಸ್ತೆಗೆ ಬಂತಾ, ಕೆಆರ್‌ಎಸ್ ಈ ಸಲ ತುಂಬುತ್ತಾ. ನಾನು ಅಪ್ಪನ ಮಳೆ ಪುಸ್ತಕ ತೆಗೆದು ಇಂಚು, ಸೆಂಟು ಓದಿ ಹೇಳುತ್ತೇನೆ. ಕೊಡಗಿನ ತೋಟದ ಮನೆಗಳಲ್ಲಿ ಬೆಳಗ್ಗೆ ಎದ್ದು ಮಳೆ ಅಳೆದು ಬರೆದಿಡುವುದು ಕಾಫಿ ಕುಡಿದಷ್ಟೇ ಮಾಮೂಲು. ತಮಾಷೆ ಏನೆಂದರೆ, ಇಷ್ಟೆಲ್ಲ ಹೇಳುವಾಗ ನಮ್ಮ ಮನೆಯಲ್ಲಿ ಸಾಮಾನ್ಯವಾಗಿ ಕರೆಂಟ್ ಇರುವುದಿಲ್ಲ. ಎಲ್ಲೋ ಮರ ಬಿದ್ದಿರುತ್ತದೆ, ಎಲ್ಲೋ ಕಂಬ ವಾಲಿರುತ್ತದೆ. ಎರಡು ದಿನ, ಕೆಲವೊಮ್ಮೆ ನಾಲ್ಕು ದಿನ. ಚಾರ್ಜ್ ಉಳಿಸಬೇಕಲ್ಲ, ಮಾತು ಬೇಗ ಮುಗಿಸುತ್ತೇನೆ.

ನೀರು ಇಲ್ಲಿಯದು, ಅದರ ಮೇಲಿನ ಮಾತುಕತೆ ಬೇರೆ ಕಡೆಯದು. ಈ ಏರ್ಪಾಡು ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹೋಗುತ್ತಾ ಹೋದರೆ ಹತ್ತೇ ವರ್ಷಗಳ ಅಂತರದಲ್ಲಿ ಒಬ್ಬರೇ ಮನುಷ್ಯನ ಹೆಸರು ಎರಡು ಸಲ ಸಿಗುತ್ತದೆ. ಸರ್ ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿನವರಿಗೆ ಅವರು ಶೇಷಾದ್ರಿಪುರ, ಶೇಷಾದ್ರಿ ರಸ್ತೆ. ಮಿಕ್ಕವರಿಗೆ ಅಷ್ಟೂ ಅಲ್ಲ. ಮೈಸೂರಿನ ಆಧುನಿಕತೆ ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ವಿಶ್ವೇಶ್ವರಯ್ಯ. ಎಂಜಿನಿಯರಿಂಗ್ ಓದಿದ ನನಗಂತೂ ನಾಲ್ಕು ವರ್ಷ, ಪ್ರತಿ ಸೆಪ್ಟೆಂಬರ್ 15ಕ್ಕೆ, ಅದೇ ಭಾಷಣ. ಆ ತೇದಿಗೆ ಎರಡು ದಿನ ಮೊದಲು, ಸೆಪ್ಟೆಂಬರ್ 13ಕ್ಕೆ, ಶೇಷಾದ್ರಿ ಅಯ್ಯರ್ ತೀರಿಕೊಂಡ ದಿನ ಬರುತ್ತದೆ ಎಂದು ಒಬ್ಬ ಮೇಷ್ಟ್ರೂ ಹೇಳಲಿಲ್ಲ.

ಅವರು ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಕ್ಕಾಡ್ ಹತ್ತಿರದ ಕುಮಾರಪುರಂನಲ್ಲಿ. ಕಲ್ಲಿಕೋಟೆಯಲ್ಲಿ ಓದು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. 1868ರಲ್ಲಿ ಡಿಗ್ರಿ ಮುಗಿಸಿದ ವರ್ಷವೇ ಮೈಸೂರು ಸರ್ಕಾರದ ನೌಕರಿ. ಕರೆತಂದವರು ರಂಗಾಚಾರ್ಲು. ಆಗ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಕಾನೂನು ಓದಿಕೊಂಡು, ಕೋರ್ಟು ಕಚೇರಿ ಮೆಟ್ಟಿಲು ಹತ್ತುತ್ತಾ, ತುಮಕೂರಿನಲ್ಲಿ ಡೆಪ್ಯುಟಿ ಕಮಿಷನರ್ ಆಗುತ್ತಾ ಅವರು ಮೇಲೆ ಬಂದರು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು, ರಂಗಾಚಾರ್ಲು ದಿವಾನರಾದರು. ಎರಡೇ ವರ್ಷಕ್ಕೆ ಅವರು ತೀರಿಹೋದಾಗ ಆ ಕುರ್ಚಿಯಲ್ಲಿ ಬಂದು ಕೂತದ್ದು 38 ವರ್ಷ ತುಂಬದ ಶೇಷಾದ್ರಿ ಅಯ್ಯರ್. ಮುಂದಿನ 18 ವರ್ಷ ಏಳಲಿಲ್ಲ. ಮೈಸೂರಿನ ದಿವಾನಗಿರಿಯಲ್ಲಿ ಅಷ್ಟು ದೀರ್ಘ ಕಾಲ ಇದ್ದವರು ಮತ್ತೊಬ್ಬರಿಲ್ಲ.

ಕೈಗೆ ಬಂದ ರಾಜ್ಯ ಹೇಗಿತ್ತು? 1876-78ರ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು, ಅಂದರೆ ಐದರಲ್ಲಿ ಒಬ್ಬರು. ಬರದ ಸಾಲ ತಲೆಯ ಮೇಲಿತ್ತು. ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕು, ಅದು 1896ರಿಂದ 35 ಲಕ್ಷಕ್ಕೆ ಏರುವುದಿತ್ತು. ರೈತರ ಮೇಲೆ ಇನ್ನಷ್ಟು ಹಾಕಲು ರೈತರೇ ಉಳಿದಿರಲಿಲ್ಲ. ಈ ಒಂದು ಹಿನ್ನೆಲೆ ಬಿಟ್ಟರೆ ಅವರ ಯಾವ ತೀರ್ಮಾನವೂ ಅರ್ಥವಾಗುವುದಿಲ್ಲ. ದುಡ್ಡು ಬರುವ ಹೊಸ ದಾರಿ ಬೇಕಿತ್ತು. ಕೋಲಾರದ ಚಿನ್ನ ಅದೇ ಹೊತ್ತಿಗೆ ಸಿಕ್ಕಿತು. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್, ಮೈಸೂರಿಗೆ ಬರುತ್ತಿದ್ದದ್ದು ರಾಜಧನ. ಜೊತೆಗೆ ಕೆರೆ ದುರಸ್ತಿ, ಹೊಸ ಕಾಲುವೆ, ಹೊಸ ಜಲಾಶಯ. ಬೆಳೆ ಹೆಚ್ಚಿದರೆ ಕಂದಾಯ ಹೆಚ್ಚುತ್ತದೆ.

ಇಲ್ಲಿಗೆ ಮದ್ರಾಸು ಅಡ್ಡ ಬಂತು. ಮೇಲೆ ನೀರು ತಡೆದರೆ ತಂಜಾವೂರಿನ ಗದ್ದೆಗೆ ಗತಿಯೇನು ಅನ್ನುವುದು ಅವರ ಆತಂಕ. ಆ ಆತಂಕ ಸುಳ್ಳೇನೂ ಅಲ್ಲ, ಆದರೆ ಮಾತುಕತೆ ಸಮಬಲದವರ ನಡುವೆ ನಡೆಯಲಿಲ್ಲ. ಒಂದು ಕಡೆ ಬ್ರಿಟಿಷ್ ಸರ್ಕಾರದ ಸ್ವಂತ ಪ್ರಾಂತ್ಯ, ಇನ್ನೊಂದು ಕಡೆ ಅದೇ ಬ್ರಿಟಿಷರು ಒಂಬತ್ತು ವರ್ಷದ ಹಿಂದೆ ವಾಪಸು ಕೊಟ್ಟ ಸಂಸ್ಥಾನ. 1890ರಲ್ಲಿ ಊಟಿಯಲ್ಲಿ ಸಭೆ ನಡೆಯಿತು, 1892ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಕಾವೇರಿಯೂ ಸೇರಿದಂತೆ ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ. ಹಿಂದಿನಿಂದ ಬಂದ ಹಕ್ಕಿಗೆ ಧಕ್ಕೆಯಾಗುತ್ತದೆ ಎಂದರೆ ಮಾತ್ರ ಮದ್ರಾಸು ಬೇಡ ಅನ್ನಬಹುದು, ಜಗಳ ಬಂದರೆ ಮಧ್ಯಸ್ಥಿಕೆ.

ನಾವೆಲ್ಲ ಬೆಳೆದದ್ದು ಈ ಒಪ್ಪಂದವನ್ನು ಬೈಯುತ್ತಲೇ. ಕೈ ಕಟ್ಟಿಸಿಕೊಂಡು ಬಂದ ದಿವಾನ ಎಂದು ನಾನೂ ಬರೆದಿದ್ದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಈಗ ಅಷ್ಟು ಸಲೀಸಾಗಿ ಬರೆಯಲಾರೆ. ಬೇಡ ಅಂದಿದ್ದರೆ ಏನಾಗುತ್ತಿತ್ತು? ಕೆರೆ ದುರಸ್ತಿಗೂ ತಕರಾರು ಬರುತ್ತಿದ್ದ ಕಾಲ ಅದು. ಮುಂದೆ ಕನ್ನಂಬಾಡಿ ಕಟ್ಟೆಯ ತಗಾದೆಯಲ್ಲಿ 1914ರ ಗ್ರಿಫಿನ್ ತೀರ್ಪು ಮೈಸೂರಿನ ಕಡೆ ಬಂದದ್ದು ಆ ಮಧ್ಯಸ್ಥಿಕೆಯ ಕಲಮಿನಿಂದಲೇ. ಅದನ್ನು ಲಂಡನ್ ಆಮೇಲೆ ತಿರುವಿಹಾಕಿತು, 1924ರ ಒಪ್ಪಂದ ಬಂತು, ಅದು ಬೇರೆ ಕಥೆ.

ನನಗೆ ಈಗ ಚುಚ್ಚುವುದು ಬೇರೊಂದು ವಿಷಯ. ಕಾವೇರಿ ಹುಟ್ಟುವ ಕೊಡಗು ಆ ಒಪ್ಪಂದದಲ್ಲಿ ಇಲ್ಲವೇ ಇಲ್ಲ. 1834ರಲ್ಲಿ ಹಾಲೇರಿ ಅರಸೊತ್ತಿಗೆ ಮುಗಿದ ಮೇಲೆ ನಾವು ಬ್ರಿಟಿಷರ ಪ್ರತ್ಯೇಕ ಪ್ರಾಂತ್ಯ. ಮೈಸೂರಿನಲ್ಲಿ ಕೂರುವ ಬ್ರಿಟಿಷ್ ರೆಸಿಡೆಂಟೇ ಕೊಡಗಿನ ಚೀಫ್ ಕಮಿಷನರ್. ಮೈಸೂರಿನ ಮಾತನ್ನು ಮದ್ರಾಸಿಗೆ, ಮದ್ರಾಸಿನ ಮಾತನ್ನು ಮೈಸೂರಿಗೆ ದಾಟಿಸುತ್ತಿದ್ದ ಕಚೇರಿಯೇ ನಮ್ಮನ್ನೂ ಆಳುತ್ತಿತ್ತು, ಇಲ್ಲಿಯವರನ್ನು ಕೇಳುವ ಅಗತ್ಯ ಅದಕ್ಕೆ ಕಾಣಲಿಲ್ಲ. ಶೇಷಾದ್ರಿ ಅಯ್ಯರಿಗೂ ಕಾಣಲಿಲ್ಲ. ಅವರ ರಾಜ್ಯದ ಗಡಿ ಶುರುವಾಗುತ್ತಿದ್ದದ್ದೇ ಕುಶಾಲನಗರ ದಾಟಿದ ಮೇಲೆ.

ಈಗ ಅದೇ 1892ನೇ ಇಸವಿಯಲ್ಲಿ ಭೂಮಿಯ ಆ ಬದಿಗೆ ಹೋಗಬೇಕು. ಅಮೆರಿಕದಲ್ಲಿ ಎಡಿಸನ್ನಿನ ಕಂಪನಿ ತನ್ನ ಎದುರಾಳಿ ಥಾಮ್ಸನ್-ಹ್ಯೂಸ್ಟನ್ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಸೇರಿಸಿದ್ದು ಬ್ಯಾಂಕರ್ ಜೆ.ಪಿ. ಮಾರ್ಗನ್, ಹೊಸ ಬೋರ್ಡಿನಲ್ಲಿ ಎಡಿಸನ್ ಹೆಸರೇ ಬಿಟ್ಟುಹೋಯಿತು. ಡಿಸಿ ಕರೆಂಟಿಗೆ ಜೋತುಬಿದ್ದಿದ್ದ ಎಡಿಸನ್, ಎಸಿ ಹಿಡಿದ ವೆಸ್ಟಿಂಗ್‌ಹೌಸ್ ಮತ್ತು ಟೆಸ್ಲಾ ಎದುರು ಸೋಲುತ್ತಿದ್ದರು. ಎಸಿ ಗೆದ್ದದ್ದು ಯಾಕೆ ಅಂದರೆ ವೋಲ್ಟೇಜ್ ಏರಿಸಿ ದೂರಕ್ಕೆ ಕಳಿಸಬಹುದು, ದಾರಿಯಲ್ಲಿ ಪೋಲು ಕಡಿಮೆ. 1895ರಲ್ಲಿ ನಯಾಗರಾ ಜಲಪಾತದ ಪವರ್‌ಹೌಸ್ ಶುರುವಾಯಿತು, ಮರುವರ್ಷ ಅಲ್ಲಿನ ಕರೆಂಟ್ ಬಫಲೋ ನಗರಕ್ಕೆ ಹೋಯಿತು. ಮೊದಲ ದೊಡ್ಡ ಗಿರಾಕಿಗಳು ಮನೆಗಳಲ್ಲ, ಅಲ್ಯೂಮಿನಿಯಂ ಕಾರ್ಖಾನೆಯಂಥವು. ಅಲ್ಲಿಯವರೆಗೆ ಕಾರ್ಖಾನೆ ಕಲ್ಲಿದ್ದಲು ಇದ್ದಲ್ಲಿಗೆ ಹೋಗಬೇಕಿತ್ತು, ಈಗ ತಂತಿ ಎಳೆದಲ್ಲಿಗೆ ಶಕ್ತಿ ಬರತೊಡಗಿತು. ಅಮೆರಿಕದ ಕೈಗಾರಿಕೆಯ ದಿಕ್ಕು ಬದಲಾದ ಗಳಿಗೆಗಳಲ್ಲಿ ಇದೂ ಒಂದು.

ಕೋಲಾರದ ತೊಂದರೆಯೂ ಅದೇ ಆಗಿತ್ತು. ಗಣಿ ಆಳಕ್ಕೆ ಇಳಿದಷ್ಟೂ ಸ್ಟೀಮ್ ಎಂಜಿನ್ನಿಗೆ ಉರುವಲು ಹೆಚ್ಚು ಬೇಕು, ದೂರದಿಂದ ತರಿಸುವ ಕಲ್ಲಿದ್ದಲು ದುಬಾರಿ. ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಕೆಳಗೆ ಇಳಿಯುತ್ತದೆ. ನಡುವೆ ಇರುವ ದೂರ 92 ಮೈಲಿ. ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿದ್ದ ಜೋಲಿ ಡಿ ಲಾಟ್ಬಿನಿಯರ್ ಎಂಬ ಸೇನಾ ಎಂಜಿನಿಯರ್, ಹುಟ್ಟಾ ಕೆನಡಾದವರು, ಈ ಎರಡನ್ನೂ ಜೋಡಿಸುವ ಯೋಜನೆ ಮಾಡಿದರು. ದಿವಾನರು ಅದನ್ನು ಎತ್ತಿಕೊಂಡರು. ಆ ಹೊತ್ತಿಗೆ ಮಹಾರಾಜರು ಇರಲಿಲ್ಲ. ಚಾಮರಾಜೇಂದ್ರರು 1894ರ ಕೊನೆಗೆ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು, ಮಗನಿಗೆ ಹತ್ತು ವರ್ಷ, ಮಹಾರಾಣಿಯವರ ರೀಜೆನ್ಸಿ. ಅಷ್ಟು ದೂರಕ್ಕೆ ಕರೆಂಟ್ ಸಾಗಿಸಿದ್ದನ್ನು ಈ ದೇಶದಲ್ಲಿ ಯಾರೂ ಕಂಡಿರಲಿಲ್ಲ. ಆಗಲ್ಲ ಅನ್ನುವವರಿಗೆ ಬರವಿರಲಿಲ್ಲ.

ನನ್ನ ಊಹೆ ಒಂದಿದೆ, ಎಂಜಿನಿಯರ್ ಬುದ್ಧಿಯ ಊಹೆ. ನೀರಾವರಿ ಅಣೆಕಟ್ಟು ನೀರನ್ನು ಹಿಡಿಯುತ್ತದೆ, ಗದ್ದೆ ಅದನ್ನು ಕುಡಿಯುತ್ತದೆ. ಪವರ್‌ಹೌಸ್ ಹಾಗಲ್ಲ. ನಾಲೆಯಲ್ಲಿ ಬಂದ ನೀರು ಪೈಪಿನಲ್ಲಿ ಇಳಿದು, ಟರ್ಬೈನ್ ತಿರುಗಿಸಿ, ಮತ್ತೆ ಹೊಳೆಗೇ ಸೇರುತ್ತದೆ, ಮದ್ರಾಸಿಗೆ ಒಂದು ಕೊಡವೂ ಕಡಿಮೆಯಾಗುವುದಿಲ್ಲ. 1892ರಲ್ಲಿ ಕೈ ಕಟ್ಟಿಕೊಂಡ ಮನುಷ್ಯ, ಆ ಕಟ್ಟು ತಾಗದ ಕೆಲಸವನ್ನೇ ಅದೇ ನದಿಯಲ್ಲಿ ಹುಡುಕಿಕೊಂಡರು ಅನ್ನಿಸುತ್ತದೆ.

ವಿದ್ಯುತ್ ಯಂತ್ರಗಳು ಬಂದದ್ದು ಜನರಲ್ ಎಲೆಕ್ಟ್ರಿಕ್‌ನಿಂದ, ಟರ್ಬೈನ್‌ಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ. ದೂರ ಸಾಗಣೆಯಲ್ಲಿ ಅಮೆರಿಕದವರ ಅನುಭವ ಬ್ರಿಟಿಷ್ ಕಾರ್ಖಾನೆಗಳಿಗೆ ಇರಲಿಲ್ಲ. ಸಾಮ್ರಾಜ್ಯದ ಒಳಗಿನ ಸಂಸ್ಥಾನವೊಂದು ಇಂಗ್ಲೆಂಡ್ ಬಿಟ್ಟು ಅಮೆರಿಕದ ಯಂತ್ರ ತರಿಸಿದ್ದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ರೈಲಿನಿಂದ ಇಳಿಸಿದ ಭಾರೀ ಸಾಮಾನು ಆನೆ, ಎತ್ತಿನ ಗಾಡಿಗಳ ಮೇಲೆ ಜಲಪಾತ ಸೇರಿತು. ಆರು ಯಂತ್ರ, ಒಂದೊಂದು 720 ಕಿಲೋವಾಟ್, ಲೈನಿನಲ್ಲಿ 35,000 ವೋಲ್ಟ್. ಫ್ರೀಕ್ವೆನ್ಸಿ ನಯಾಗರಾದ್ದೇ, 25 ಸೈಕಲ್. ನಮ್ಮ ಈಗಿನ 50ರ ಅರ್ಧ. (ಇದನ್ನು ಏಷ್ಯಾದಲ್ಲೇ ಮೊದಲು ಅಂತ ಭಾಷಣ ಬಿಗಿಯುವವರಿಗೆ ಒಂದು ಮಾತು: ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಸಣ್ಣದೊಂದು ಜಲವಿದ್ಯುತ್ ಕೇಂದ್ರ ಇತ್ತು. ಶಿವನಸಮುದ್ರದ ದೊಡ್ಡತನಕ್ಕೆ ಸುಳ್ಳು ಬೇಕಿಲ್ಲ.)

ಈ ನಡುವೆ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಹೆಸರಘಟ್ಟದಿಂದ ಪೈಪಿನ ನೀರು, ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು, ವಿಕ್ಟೋರಿಯಾ ಆಸ್ಪತ್ರೆ, ಎಲ್ಲ ಅವರ ಆಡಳಿತದ ಕೊನೆಯ ವರ್ಷಗಳವು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಕಟ್ಟೆಯೂ ಶುರುವಾಯಿತು. ಹೊಗಳಿಕೆಯ ಜೊತೆ ಬೈಗುಳವೂ ಬೇಕಾದಷ್ಟು ಬಂತು. ಮದ್ರಾಸಿನ ಕಡೆಯಿಂದ ಬಂದವರಿಗೇ ದೊಡ್ಡ ಹುದ್ದೆ, ಮೈಸೂರಿನವರಿಗೆ ಗುಮಾಸ್ತಗಿರಿ ಅನ್ನುವ ಸಿಟ್ಟು ಪತ್ರಿಕೆಗಳಲ್ಲೂ ಪ್ರಜಾಪ್ರತಿನಿಧಿ ಸಭೆಯಲ್ಲೂ ಕುದಿಯುತ್ತಿತ್ತು. ಆ ಸಿಟ್ಟಿನಲ್ಲಿ ನ್ಯಾಯ ಇತ್ತು. ಅಧಿಕಾರವನ್ನು ಹಂಚಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಅವರನ್ನು ಹೆಚ್ಚು ಕಾಡಿದಂತೆ ಕಾಣುವುದಿಲ್ಲ, ಕೊಡಗಿನ ವಿಷಯದಲ್ಲಿ ಹೇಗೋ ಸ್ವಂತ ರಾಜ್ಯದ ವಿಷಯದಲ್ಲೂ ಹಾಗೆಯೇ.

ಆರೋಗ್ಯ ಕೆಟ್ಟು 1901ರಲ್ಲಿ ಕೆಲಸ ಬಿಟ್ಟರು. ಅದೇ ಸೆಪ್ಟೆಂಬರ್ 13ಕ್ಕೆ ತೀರಿಕೊಂಡರು. ವಯಸ್ಸು 56. ಶಿವನಸಮುದ್ರದ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಕರೆಂಟ್ ಕೋಲಾರ ಮುಟ್ಟಿದ್ದು 1902ರ ಜೂನ್ 30ಕ್ಕೆ. ಮೊದಲು ಲಂಡನ್ ಕಂಪನಿಯ ಗಣಿ, ಮೂರು ವರ್ಷ ಕಳೆದು 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿ.

ಅಲ್ಲಿಂದ ಇನ್ನೊಂದು ಸರಪಳಿ. ಬೇಸಿಗೆಯಲ್ಲಿ ಹೊಳೆ ಬಡವಾದರೆ ಟರ್ಬೈನ್ ನಿಲ್ಲುತ್ತದೆ, ಗಣಿಗೆ ವರ್ಷಪೂರ್ತಿ ಕರೆಂಟ್ ಬೇಕು. ಕನ್ನಂಬಾಡಿ ಕಟ್ಟೆಗೆ 1911ರಲ್ಲಿ ಕೈಹಾಕಲು ನೀರಾವರಿಯಷ್ಟೇ ಇದೂ ಕಾರಣ. ಅಂದರೆ ವಿಶ್ವೇಶ್ವರಯ್ಯನವರ ಕಟ್ಟೆಯ ಹಿಂದೆ ಶೇಷಾದ್ರಿ ಅಯ್ಯರರ ಪವರ್‌ಹೌಸ್ ನಿಂತಿದೆ, ಅದರ ತಗಾದೆಯ ಹಿಂದೆ ಅವರದೇ 1892. ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಹಳೆಯ ಕಾಗದಗಳೂ ನಮ್ಮ ಪಾಲಿಗೆ ಬಂದವು, ನಾವು ಎಲ್ಲೂ ಸಹಿ ಹಾಕಿರದಿದ್ದರೂ. ಇವತ್ತು ಟಿಎಂಸಿ ಲೆಕ್ಕದ ಜಗಳದಲ್ಲಿ ಮಂಡ್ಯ ಮಾತಾಡುತ್ತದೆ, ತಂಜಾವೂರು ಮಾತಾಡುತ್ತದೆ. ಮಳೆ ಎಷ್ಟು ಬಿತ್ತು ಎಂದು ಕೇಳಲು ಮಾತ್ರ ನಮಗೆ ಫೋನ್ ಬರುತ್ತದೆ.

ಕಬ್ಬನ್ ಪಾರ್ಕಿನಲ್ಲಿ, ಕೆಂಪು ಬಣ್ಣದ ಗ್ರಂಥಾಲಯದ ಮುಂದೆ ಅವರ ಪ್ರತಿಮೆ ಇದೆ. 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಬೆಂಗಳೂರಿಗೆ ಹೋದಾಗ ಆ ಮೆಟ್ಟಿಲ ಮೇಲೆ ಕೂರುವ ಅಭ್ಯಾಸ ನನಗಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರ ಇನ್ನೂ ನಡೆಯುತ್ತಿದೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅಲ್ಲಿ ಕೂತಿದ್ದಾಗ ಅಪ್ಪ ಫೋನ್ ಮಾಡಿದರು. ಬೆಳಗ್ಗೆಯಿಂದ ನಾಲ್ಕೂವರೆ ಇಂಚು, ಕರೆಂಟ್ ಇಲ್ಲ ಅಂದರು. ಪಾರ್ಕಿನ ದೀಪಗಳು ಆಗಷ್ಟೇ ಹೊತ್ತಿಕೊಳ್ಳುತ್ತಿದ್ದವು.