ಚಿತ್ರಕಾರರಾಗಿ ರವೀಂದ್ರನಾಥ ಠಾಗೋರ್

ರವೀಂದ್ರನಾಥ ಠಾಗೋರ್ (೭ ಮೇ ೧೮೬೧ – ೭ ಆಗಸ್ಟ್ ೧೯೪೧) ಬಂಗಾಳದ ಕವಿ, ಕಥೆಗಾರ, ನಾಟಕಕಾರ, ಸಂಗೀತಕಾರ, ಶಿಕ್ಷಣತಜ್ಞ ಹಾಗೂ ಚಿತ್ರಕಾರ. ೧೯೧೩ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಕವಿಯೆಂದು ಅವರು ಜಗತ್ತಿಗೆ ಪರಿಚಿತರು. ಅರವತ್ತು ದಾಟಿದ ಮೇಲೆ ಅವರು ಚಿತ್ರರಚನೆಯಲ್ಲಿ ತೊಡಗಿದರು. ಕ್ರಮಬದ್ಧವಾದ ಕಲಾಶಿಕ್ಷಣ ಅವರಿಗೆ ದೊರೆತಿರಲಿಲ್ಲ. ಆದರೂ ಬದುಕಿನ ಕೊನೆಯ ಹದಿನೈದು ವರ್ಷಗಳೊಳಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದರು. ೧೯೩೦ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಅವರ ಚಿತ್ರಪ್ರದರ್ಶನ ಯುರೋಪ್ ಮತ್ತು ಅಮೆರಿಕದ ಹಲವು ನಗರಗಳಲ್ಲಿ ನಡೆಯಿತು. ಭಾರತದ ಆಧುನಿಕ ಚಿತ್ರಕಲೆಯ ಆರಂಭದ ಪ್ರಮುಖರಲ್ಲಿ ಅವರನ್ನು ಒಬ್ಬರೆಂದು ಪರಿಗಣಿಸಲಾಗಿದೆ.

ಮನೆತನ ಮತ್ತು ಬಾಲ್ಯ

ರವೀಂದ್ರನಾಥರು ಕಲ್ಕತ್ತೆಯ ಜೋರಾಸಾಂಕೋದಲ್ಲಿದ್ದ ಠಾಗೋರ್ ಮನೆತನದಲ್ಲಿ ಜನಿಸಿದರು. ತಂದೆ ದೇವೇಂದ್ರನಾಥ ಠಾಗೋರ್, ತಾಯಿ ಶಾರದಾದೇವಿ. ಸಾಹಿತ್ಯ, ಸಂಗೀತ ಮತ್ತು ನಾಟಕಗಳಂತೆಯೇ ಚಿತ್ರಕಲೆಯೂ ಆ ಮನೆಯಲ್ಲಿ ನೆಲೆಸಿತ್ತು. ಅಣ್ಣ ಜ್ಯೋತಿರಿಂದ್ರನಾಥರು ಪೆನ್ಸಿಲ್‌ನಲ್ಲಿ ವ್ಯಕ್ತಿಚಿತ್ರಗಳನ್ನು ಬರೆಯುವುದರಲ್ಲಿ ನುರಿತವರು. ಆಂಗ್ಲ ಕಲಾವಿದ ವಿಲಿಯಂ ರೋದೆನ್‌ಸ್ಟೈನ್ ಅವರ ಆಸಕ್ತಿಯಿಂದ ಆ ರೇಖಾಚಿತ್ರಗಳ ಒಂದು ಸಂಪುಟ ೧೯೧೪ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಣ್ಣಂದಿರ ಪೀಳಿಗೆಯ ನಂತರ ಬಂದ ಗಗನೇಂದ್ರನಾಥ (೧೮೬೭–೧೯೩೮) ಮತ್ತು ಅವನೀಂದ್ರನಾಥ (೧೮೭೧–೧೯೫೧) ಸಂಬಂಧದಲ್ಲಿ ರವೀಂದ್ರನಾಥರ ಅಣ್ಣನ ಮಕ್ಕಳಾಗಬೇಕು. ಇವರಲ್ಲಿ ಅವನೀಂದ್ರನಾಥರು ಬಂಗಾಳ ಶೈಲಿಯ ಪ್ರವರ್ತಕರಾದರು.

ಬಾಲಕ ರವೀಂದ್ರನಾಥರಿಗೆ ಮನೆಯಲ್ಲಿ ಪಾಠ ಹೇಳುತ್ತಿದ್ದ ಗುರುಗಳಲ್ಲಿ ಚಿತ್ರ ಕಲಿಸುವವರೂ ಇದ್ದರು. ಆದರೆ ಆ ಕಲಿಕೆ ಮುಂದುವರಿಯಲಿಲ್ಲ. ೧೮೯೩ರಲ್ಲಿ ಅಣ್ಣನ ಮಗಳು ಇಂದಿರಾದೇವಿಗೆ ಬರೆದ ಪತ್ರವೊಂದರಲ್ಲಿ ಅವರು ಚಿತ್ರವಿದ್ಯೆಯ ಮೇಲೆ ತಮಗಿರುವ ಆಸೆಯನ್ನು ಹೇಳಿಕೊಂಡು, ಅದನ್ನು ಒಲಿಸಿಕೊಳ್ಳುವ ವಯಸ್ಸು ತಮಗೆ ಮೀರಿತೆಂದು ವಿಷಾದಿಸಿದ್ದಾರೆ. ಆಗ ಅವರ ವಯಸ್ಸು ೩೨. ೧೯೦೦ರಲ್ಲಿ ಗೆಳೆಯ, ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರದಲ್ಲಿ ತಾವು ಚಿತ್ರ ಬರೆಯುವ ಪುಸ್ತಕವೊಂದನ್ನು ಇಟ್ಟುಕೊಂಡಿರುವುದನ್ನು ತಿಳಿಸಿ, ಪೆನ್ಸಿಲ್‌ಗಿಂತ ರಬ್ಬರನ್ನೇ ಹೆಚ್ಚು ಬಳಸುತ್ತಿರುವುದಾಗಿ ತಮ್ಮನ್ನೇ ಹಾಸ್ಯ ಮಾಡಿಕೊಂಡಿದ್ದಾರೆ. ಆಮೇಲೆ ಬಹುಕಾಲ ಅವರು ಚಿತ್ರರಚನೆಯನ್ನು ಗಂಭೀರವಾಗಿ ಕೈಗೊಳ್ಳಲಿಲ್ಲ.

ಕಲೆಯ ಪೋಷಕರಾಗಿ

ತಾವು ಚಿತ್ರಕಾರರಾಗುವುದಕ್ಕೆ ಮೊದಲೇ ರವೀಂದ್ರನಾಥರು ಇತರರು ಚಿತ್ರ ಕಲಿಯಲು ಬೇಕಾದ ನೆಲೆಗಳನ್ನು ಕಟ್ಟಿದರು. ಜೋರಾಸಾಂಕೋ ಮನೆಯಲ್ಲಿ ‘ವಿಚಿತ್ರಾ’ ಎಂಬ ಕಲಾಕೂಟ ಅವರ ಪ್ರೋತ್ಸಾಹದಿಂದ ನಡೆಯಿತು. ೧೯೧೬ರಲ್ಲಿ ಜಪಾನಿಗೆ ಹೋದಾಗ ಯೊಕೊಯಾಮಾ ತೈಕಾನ್ ಮತ್ತು ಶಿಮೊಮುರಾ ಕಾನ್‌ಜಾನ್ ಅವರ ಬೃಹತ್ ಚಿತ್ರಗಳನ್ನು ಕಂಡು ಬೆರಗಾದರು. ಭಾರತೀಯ ಚಿತ್ರಕಾರರು ಸಣ್ಣ ಅಳತೆಯ ಚಿತ್ರಗಳಿಗೂ ಪುರಾಣದ ವಸ್ತುಗಳಿಗೂ ತಮ್ಮನ್ನು ಮಿತಿಗೊಳಿಸಿಕೊಂಡಿದ್ದಾರೆಂಬ ಅತೃಪ್ತಿ ಅವರಲ್ಲಿ ಮೂಡಿತು. ಜಪಾನಿನ ಕಲಾವಿದ ಅರಾಯ್ ಕಾಂಪೊ ಅವರನ್ನು ‘ವಿಚಿತ್ರಾ’ದಲ್ಲಿ ಕಲಿಸಲು ಭಾರತಕ್ಕೆ ಕರೆಸಿಕೊಂಡರು.

೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಸ್ಥಾಪಿಸಿದ್ದ ಶಾಲೆಯ ಜೊತೆಗೆ ೧೯೧೯ರಲ್ಲಿ ಕಲಾಭವನ ಆರಂಭವಾಯಿತು. ೧೯೨೧ರಲ್ಲಿ ವಿಶ್ವಭಾರತಿ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ನಂದಲಾಲ್ ಬೋಸರು ದೀರ್ಘಕಾಲ ಕಲಾಭವನದ ಮುಖ್ಯಸ್ಥರಾಗಿದ್ದರು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಅಲ್ಲಿ ಉಪನ್ಯಾಸಗಳನ್ನು ನೀಡಿದರು. ವಿನೋದ ಬಿಹಾರಿ ಮುಖರ್ಜಿ, ರಾಮಕಿಂಕರ ಬೈಜ್ ಮೊದಲಾದವರು ಅಲ್ಲಿ ಕಲಿತು ಅಲ್ಲಿಯೇ ಗುರುಗಳಾದರು. ೧೯೨೧ರಲ್ಲಿ ಜರ್ಮನಿಯ ವೈಮರ್‌ಗೆ ಭೇಟಿಯಿತ್ತ ಮರುವರ್ಷ, ಅಂದರೆ ೧೯೨೨ರ ಡಿಸೆಂಬರ್‌ನಲ್ಲಿ, ಬೌಹೌಸ್ ಕಲಾಶಾಲೆಯವರ ಕೃತಿಗಳು ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡವು. ಹೀಗೆ ಶಿಷ್ಯರಿಗೆಂದು ತೆರೆದ ಬಾಗಿಲುಗಳಿಂದ ರವೀಂದ್ರನಾಥರ ಕಣ್ಣಿಗೂ ಹೊಸ ಕಲೆಯ ಪರಿಚಯವಾಗುತ್ತ ಬಂತು.

ಹಸ್ತಪ್ರತಿಯಿಂದ ಚಿತ್ರಕ್ಕೆ

ರವೀಂದ್ರನಾಥರು ಚಿತ್ರಕಲೆಗೆ ಬಂದದ್ದು ಬರವಣಿಗೆಯ ಮೂಲಕ. ಕವಿತೆ ತಿದ್ದುವಾಗ ಹೊಡೆದುಹಾಕಿದ ಪದಗಳು ಪುಟದ ಅಂದ ಕೆಡಿಸುವುದು ಅವರಿಗೆ ಸಹನೆಯಾಗುತ್ತಿರಲಿಲ್ಲ. ಒಂದು ಕಾಟನ್ನು ಇನ್ನೊಂದು ಕಾಟಿಗೆ ರೇಖೆಯಿಂದ ಸೇರಿಸುತ್ತ, ನಡುವಿನ ಜಾಗವನ್ನು ಶಾಯಿಯಿಂದ ತುಂಬುತ್ತ ಹೋದಂತೆ ಅಲ್ಲಿ ಹಕ್ಕಿಯ ಕೊಕ್ಕು, ವಿಚಿತ್ರ ಪ್ರಾಣಿ, ಮುಖವಾಡ, ಬಳ್ಳಿಗಳಂಥ ಆಕೃತಿಗಳು ಮೂಡಿದವು. ‘ರಕ್ತಕರಬೀ’ ನಾಟಕದ ಹಸ್ತಪ್ರತಿಯಲ್ಲಿ ಇವು ಕಾಣಿಸಿಕೊಂಡವು. ೧೯೨೪ರ ಕೊನೆಯಲ್ಲಿ ದಕ್ಷಿಣ ಅಮೆರಿಕದ ಪ್ರವಾಸಕಾಲದಲ್ಲಿ ಬರೆದ ‘ಪೂರಬೀ’ ಕವಿತೆಗಳ ಹಸ್ತಪ್ರತಿಯಲ್ಲಿ ಹೇರಳವಾದವು.

ಪೆರು ದೇಶಕ್ಕೆ ಹೊರಟಿದ್ದ ಅವರು ಅನಾರೋಗ್ಯದಿಂದಾಗಿ ಅರ್ಜೆಂಟೀನಾದಲ್ಲಿ ಉಳಿಯಬೇಕಾಯಿತು. ಬ್ಯೂನಸ್ ಐರಿಸ್ ಬಳಿಯ ಸಾನ್ ಇಸಿದ್ರೊದಲ್ಲಿ ಅವರಿಗೆ ಆತಿಥ್ಯ ನೀಡಿದ ಲೇಖಕಿ ವಿಕ್ಟೋರಿಯಾ ಒಕಾಂಪೊ ಮೇಜಿನ ಮೇಲಿದ್ದ ಹಸ್ತಪ್ರತಿಯಲ್ಲಿನ ಈ ಆಕೃತಿಗಳನ್ನು ಗಮನಿಸಿ ಮೆಚ್ಚಿದರು. ೧೯೨೫ರಲ್ಲಿ ಪ್ರಕಟವಾದ ‘ಪೂರಬೀ’ ಆಕೆಗೇ ಅರ್ಪಿತವಾಗಿದೆ. ೧೯೨೮ರ ವೇಳೆಗೆ ಚಿತ್ರಗಳು ಹಸ್ತಪ್ರತಿಯ ಆಶ್ರಯವನ್ನು ಬಿಟ್ಟು ಬೇರೆ ಹಾಳೆಗಳಲ್ಲಿ ಸ್ವತಂತ್ರವಾಗಿ ಕಾಣಿಸಿಕೊಂಡವು. ಆಗ ಅವರ ವಯಸ್ಸು ೬೭.

೧೯೩೦ರ ಪ್ರದರ್ಶನಗಳು

೧೯೩೦ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹಿಬರ್ಟ್ ಉಪನ್ಯಾಸಗಳನ್ನು ನೀಡಲು ಹೊರಟ ರವೀಂದ್ರನಾಥರು ತಮ್ಮ ಚಿತ್ರಗಳನ್ನೂ ಜೊತೆಗೆ ಕೊಂಡೊಯ್ದರು. ಪ್ಯಾರಿಸ್‌ನಲ್ಲಿದ್ದ ಒಕಾಂಪೊ ಅಲ್ಪಕಾಲದಲ್ಲಿ ಎಲ್ಲ ಏರ್ಪಾಡುಗಳನ್ನೂ ಮಾಡಿದರು. ಮೇ ೨ರಂದು ಪಿಗಾಲ್ ಗ್ಯಾಲರಿಯಲ್ಲಿ ಪ್ರದರ್ಶನ ಆರಂಭವಾಯಿತು. ಸುಮಾರು ೧೨೫ ಚಿತ್ರಗಳಿದ್ದ ಈ ಪ್ರದರ್ಶನದ ಪರಿಚಯಪತ್ರಿಕೆಗೆ ಫ್ರೆಂಚ್ ಕವಯಿತ್ರಿ ಆನ್ನಾ ದ ನೊಆಯ್ ಮುನ್ನುಡಿ ಬರೆದರು. ಅನಂತರ ಬರ್ಮಿಂಗ್‌ಹ್ಯಾಮ್, ಲಂಡನ್, ಬರ್ಲಿನ್, ಡ್ರೆಸ್ಡೆನ್, ಮ್ಯೂನಿಕ್, ಕೋಪನ್‌ಹೇಗನ್, ಜಿನೀವಾ, ಮಾಸ್ಕೋ, ಬಾಸ್ಟನ್ ಹಾಗೂ ನ್ಯೂಯಾರ್ಕ್ ನಗರಗಳಲ್ಲಿ ಅದೇ ವರ್ಷ ಪ್ರದರ್ಶನಗಳು ನಡೆದವು.

ಜರ್ಮನಿಯಲ್ಲಿ ದೊರೆತ ಸ್ವಾಗತ ಹೃತ್ಪೂರ್ವಕವಾಗಿತ್ತು. ಅಭಿವ್ಯಕ್ತಿವಾದಿ ಕಲೆಗೆ ಒಗ್ಗಿದ್ದ ಅಲ್ಲಿನ ಪ್ರೇಕ್ಷಕರಿಗೆ ಈ ಚಿತ್ರಗಳ ಕಡುಬಣ್ಣವೂ ಒಳತುಮುಲವೂ ಅಪರಿಚಿತವೆನಿಸಲಿಲ್ಲ. ಬರ್ಲಿನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯಕ್ಕೆ ರವೀಂದ್ರನಾಥರು ತಮ್ಮ ಕೆಲವು ಚಿತ್ರಗಳನ್ನು ಕೊಡುಗೆಯಾಗಿತ್ತರು. ೧೯೩೭ರಲ್ಲಿ ನಾಜಿ ಆಡಳಿತವು ಆಧುನಿಕ ಕಲೆಯನ್ನು ಪತಿತ ಕಲೆಯೆಂದು ಜರೆದು ಸಂಗ್ರಹಾಲಯಗಳಿಂದ ಹೊರಹಾಕಿದಾಗ ಇವೂ ಅದಕ್ಕೆ ಗುರಿಯಾದವು.

ಕವಿತೆ ಅನುವಾದದಲ್ಲಿ ಸೊರಗುತ್ತದೆಂಬ ಕೊರಗು ರವೀಂದ್ರನಾಥರಿಗೆ ಬಹುಕಾಲದಿಂದ ಇತ್ತು. ಚಿತ್ರಕ್ಕೆ ಅನುವಾದದ ಹಂಗಿಲ್ಲ. ಬಂಗಾಳಿ ಬಾರದವರ ಜೊತೆಗೂ ನೇರವಾಗಿ ಸಂವಾದಿಸುವ ಈ ಹೊಸ ಮಾರ್ಗ ಇಳಿವಯಸ್ಸಿನಲ್ಲಿ ಅವರಿಗೆ ವಿಶೇಷ ಸಂತೋಷ ತಂದಿತು.

ಚಿತ್ರಗಳ ಸ್ವರೂಪ

ರವೀಂದ್ರನಾಥರು ಹೆಚ್ಚಾಗಿ ಕಾಗದದ ಮೇಲೆ, ಶಾಯಿ ಮತ್ತು ಜಲವರ್ಣಗಳಲ್ಲಿ ಚಿತ್ರಿಸಿದರು. ಬರೆಯುವ ಲೇಖನಿ, ಕುಂಚ, ಬಟ್ಟೆಯ ಚೂರು, ಬೆರಳು, ಹೀಗೆ ಕೈಗೆ ದೊರೆತುದೆಲ್ಲ ಅವರಿಗೆ ಸಾಧನವಾಯಿತು. ಹೂವಿನ ದಳಗಳ ರಸವನ್ನೂ ಬಣ್ಣವಾಗಿ ಬಳಸಿದ್ದುಂಟು. ಒಂದೇ ಕೂರಿಕೆಯಲ್ಲಿ ವೇಗವಾಗಿ ಚಿತ್ರ ಮುಗಿಸುವುದು ಅವರ ರೂಢಿ.

ವಸ್ತುವಿನ ದೃಷ್ಟಿಯಿಂದ ಈ ಚಿತ್ರಗಳಲ್ಲಿ ಕಾಲ್ಪನಿಕ ಪ್ರಾಣಿಗಳು, ಭೂದೃಶ್ಯಗಳು, ನಾಟಕೀಯ ಭಂಗಿಯ ಮನುಷ್ಯಾಕೃತಿಗಳು ಮತ್ತು ಮುಖಗಳು ಪ್ರಧಾನವಾಗಿವೆ. ಭೂದೃಶ್ಯಗಳಲ್ಲಿ ಸಂಜೆಯ ಹೊಂಬಣ್ಣದ ಆಕಾಶದ ಮುಂದೆ ಕಪ್ಪಗೆ ನಿಂತ ಮರಗಳು ಮತ್ತೆ ಮತ್ತೆ ಬರುತ್ತವೆ. ನೀಳವಾದ ಸ್ತ್ರೀಮುಖಗಳಲ್ಲಿ ಮೌನವೂ ವಿಷಾದವೂ ಎದ್ದು ಕಾಣುತ್ತವೆ. ೧೮೮೪ರಲ್ಲಿ ಅಕಾಲ ಮರಣಕ್ಕೀಡಾದ ಅತ್ತಿಗೆ ಕಾದಂಬರೀದೇವಿಯ ನೆನಪನ್ನು ಕೆಲವು ವಿಮರ್ಶಕರು ಈ ಮುಖಗಳಲ್ಲಿ ಗುರುತಿಸಿದ್ದಾರೆ. ಅವರಿಗೆ ಕೆಂಪು ಮತ್ತು ಹಸಿರು ಬಣ್ಣಗಳನ್ನು ಬೇರ್ಪಡಿಸಿ ನೋಡುವುದರಲ್ಲಿ ದೋಷವಿದ್ದಿರಬಹುದೆಂಬ ಅಭಿಪ್ರಾಯವನ್ನೂ ಸಂಶೋಧಕರು ಮಂಡಿಸಿದ್ದಾರೆ.

ಚಿತ್ರಗಳಿಗೆ ಹೆಸರಿಡಲು ರವೀಂದ್ರನಾಥರು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಚಿತ್ರದ ಅರ್ಥವನ್ನು ನೋಡುವವರೇ ಕಂಡುಕೊಳ್ಳಬೇಕೆಂಬುದು ಅವರ ನಿಲುವು. ಅವರ ಕವಿತೆ ಮತ್ತು ಹಾಡುಗಳಲ್ಲಿ ಎದ್ದು ಕಾಣುವ ಸಾಮರಸ್ಯ, ಲಾಲಿತ್ಯಗಳನ್ನು ನಿರೀಕ್ಷಿಸಿ ಬಂದವರಿಗೆ ಈ ಚಿತ್ರಗಳ ಒರಟುತನ, ಭಯ ಮತ್ತು ವಿನೋದ ಅನಿರೀಕ್ಷಿತವಾಗಿದ್ದವು.

ಸ್ವದೇಶದಲ್ಲಿ ಸ್ವೀಕಾರ

ಭಾರತದಲ್ಲಿ ಈ ಚಿತ್ರಗಳಿಗೆ ಆರಂಭದಲ್ಲಿ ದೊರೆತ ಪ್ರತಿಕ್ರಿಯೆ ಮಿಶ್ರವಾಗಿತ್ತು. ಬಂಗಾಳ ಶೈಲಿಯ ನವುರಾದ ರೇಖೆಗಳಿಗೆ ಒಗ್ಗಿದ್ದವರು ಇವನ್ನು ಕಂಡು ಗಲಿಬಿಲಿಗೊಂಡರು. ಕವಿಯ ಹೆಸರಿನ ಬಲದಿಂದಷ್ಟೇ ಇವು ಮನ್ನಣೆ ಪಡೆಯುತ್ತಿವೆಯೆಂಬ ಸಂಶಯವೂ ಕೆಲವರಲ್ಲಿತ್ತು. ಈ ಅಳುಕು ಸ್ವತಃ ರವೀಂದ್ರನಾಥರನ್ನೂ ಬಿಟ್ಟಿರಲಿಲ್ಲ. ೧೯೩೧ರ ಕೊನೆಯಲ್ಲಿ ಅವರ ಎಪ್ಪತ್ತನೆಯ ವರ್ಷದ ಸಂಭ್ರಮದ ಅಂಗವಾಗಿ ಕಲ್ಕತ್ತೆಯ ಟೌನ್ ಹಾಲ್‌ನಲ್ಲಿ ಚಿತ್ರಗಳು ಪ್ರದರ್ಶಿತವಾದವು. ೧೯೩೨ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪ್ರದರ್ಶನ ನಡೆಯಿತು. ಆಗ ಶಾಲೆಯ ಪ್ರಾಂಶುಪಾಲರಾಗಿದ್ದ ಮುಕುಲ್ ದೇ ಶಾಂತಿನಿಕೇತನದ ಹಳೆಯ ವಿದ್ಯಾರ್ಥಿ, ೧೯೧೬ರ ಜಪಾನ್ ಪ್ರವಾಸದಲ್ಲಿ ಗುರುಗಳ ಜೊತೆಗಿದ್ದವರು.

ಮರಣಕ್ಕೆ ಕೆಲವೇ ತಿಂಗಳು ಮೊದಲು, ೧೯೪೧ರಲ್ಲಿ, ಚಿತ್ರಕಾರ ಜಾಮಿನಿ ರಾಯ್ ಅವರು ರವೀಂದ್ರನಾಥರ ಚಿತ್ರಗಳ ಸತ್ತ್ವವನ್ನು ಎತ್ತಿಹಿಡಿದು ಲೇಖನವೊಂದನ್ನು ಬರೆದರು. ವೃತ್ತಿನಿರತ ಚಿತ್ರಕಾರರೊಬ್ಬರಿಂದ, ಅದೂ ಸ್ವದೇಶದವರಿಂದ ಬಂದ ಈ ಮನ್ನಣೆಗೆ ರೋಗಶಯ್ಯೆಯಲ್ಲಿದ್ದ ಕವಿ ಪತ್ರ ಬರೆದು ಕೃತಜ್ಞತೆ ಸೂಚಿಸಿದರು.

ಮಕ್ಕಳಿಗಾಗಿ ಚಿತ್ರಗಳು ಮತ್ತು ಕೊನೆಯ ವರ್ಷಗಳು

೧೯೩೭ರಲ್ಲಿ ಪ್ರಕಟವಾದ ‘ಖಾಪಛಾಡಾ’ ಎಂಬ ವಿನೋದಪದ್ಯಗಳ ಸಂಗ್ರಹಕ್ಕೆ ರವೀಂದ್ರನಾಥರೇ ಚಿತ್ರಗಳನ್ನು ಬರೆದರು. ಅದೇ ವರ್ಷದ ‘ಶೇ’ ಕೃತಿಯು ಮೊಮ್ಮಗಳು ನಂದಿನಿಗೆ ಹೇಳಿದ ಕಥೆಗಳಿಂದ ಬೆಳೆದದ್ದು. ‘ಪುಪೆ’ ಎಂಬುದು ಆಕೆಯ ಮುದ್ದಿನ ಹೆಸರು. ಅಜ್ಜ ಕಥೆ ಹೇಳುತ್ತ ಹೋದಂತೆ ಹುಟ್ಟುವ ಅಸಂಬದ್ಧ ಪಾತ್ರಗಳು ಈ ಪುಸ್ತಕದಲ್ಲಿ ಅವರದೇ ರೇಖೆಗಳಲ್ಲಿ ಆಕಾರ ಪಡೆದಿವೆ. ಹಸ್ತಪ್ರತಿಯ ಕಾಟುಗಳಲ್ಲಿ ಮೂಡಿದ್ದ ವಿಚಿತ್ರ ಜೀವಿಗಳು ಇಲ್ಲಿ ಮಕ್ಕಳ ಒಡನಾಡಿಗಳಾಗಿವೆ.

೧೯೩೭ರ ಸೆಪ್ಟೆಂಬರ್‌ನಲ್ಲಿ ಅವರು ತೀವ್ರ ಅಸ್ವಸ್ಥರಾಗಿ ಪ್ರಜ್ಞೆ ತಪ್ಪಿದರು. ಚೇತರಿಸಿಕೊಂಡ ಬಳಿಕ ಮೊದಲು ಬಣ್ಣ ಮತ್ತು ಕುಂಚಗಳನ್ನು ತರಿಸಿಕೊಂಡು ಭೂದೃಶ್ಯವೊಂದನ್ನು ಬರೆದರೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ೧೯೪೦ರಲ್ಲಿ ‘ಚಿತ್ರಲಿಪಿ’ ಎಂಬ ಚಿತ್ರಸಂಪುಟ ಹೊರಬಂತು. ಅದರಲ್ಲಿ ಚಿತ್ರಗಳ ಜೊತೆಗೆ ಅವರು ರಚಿಸಿದ ಕಿರುಪದ್ಯಗಳಿವೆ. ೧೯೪೧ರ ಆಗಸ್ಟ್ ೭ರಂದು ಜೋರಾಸಾಂಕೋದ ಮನೆಯಲ್ಲಿ ರವೀಂದ್ರನಾಥರು ನಿಧನರಾದರು.

ಕರ್ನಾಟಕದೊಂದಿಗೆ ನಂಟು

ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥರು ಅಲ್ಲಿ ತಂಗಿದ್ದು, ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಅಲ್ಲಿ ಬರೆದರು. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರಿದೆ. ಅವರ ಚಿತ್ರಗಳು ಸ್ವತಂತ್ರ ರೂಪ ತಾಳುತ್ತಿದ್ದ ೧೯೨೮ರಲ್ಲಿ ಅವರು ಬೆಂಗಳೂರಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್ ಅವರ ಅತಿಥಿಯಾಗಿದ್ದು ‘ಶೇಷೇರ್ ಕವಿತಾ’ ಕಾದಂಬರಿಯನ್ನು ಪೂರ್ಣಗೊಳಿಸಿದರು. ಮೈಸೂರು ಸಂಸ್ಥಾನದ ಹೆಸರಾಂತ ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿದ್ದರು.

ಪರಂಪರೆ

ರವೀಂದ್ರನಾಥರ ಚಿತ್ರಗಳ ಅತಿದೊಡ್ಡ ಸಂಗ್ರಹ ಶಾಂತಿನಿಕೇತನದಲ್ಲಿದೆ. ನವದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿಯೂ ಅವರ ಕೃತಿಗಳಿವೆ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ವಯ ಅವರ ಚಿತ್ರಗಳನ್ನು ರಾಷ್ಟ್ರೀಯ ಕಲಾನಿಧಿಗಳೆಂದು ಘೋಷಿಸಲಾಗಿದ್ದು, ಅವುಗಳನ್ನು ದೇಶದಿಂದ ಹೊರಗೆ ಮಾರುವಂತಿಲ್ಲ. ಜನ್ಮದ ೧೫೦ನೆಯ ವರ್ಷವಾದ ೨೦೧೧ರಲ್ಲಿ ಕಲಾ ಇತಿಹಾಸಕಾರ ಆರ್. ಶಿವಕುಮಾರ್ ಅವರ ಸಂಪಾದಕತ್ವದಲ್ಲಿ ‘ರವೀಂದ್ರ ಚಿತ್ರಾವಳಿ’ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರ ಚಿತ್ರಗಳ ಪ್ರದರ್ಶನ ಮತ್ತೊಮ್ಮೆ ವಿದೇಶಗಳ ಹಲವು ನಗರಗಳಿಗೆ ಪ್ರಯಾಣ ಬೆಳೆಸಿತು.