ಗೋಲಕೊಂಡದ ಸೆರೆಯಲ್ಲಿ ಭದ್ರಾಚಲ ರಾಮದಾಸರು

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಗೋಲಕೊಂಡದ ಕೋಟೆ ಅಪರಿಚಿತವಲ್ಲ. ಊರಿನಿಂದ ಬಂದ ನೆಂಟರಿಷ್ಟರನ್ನು ಅಲ್ಲಿಗೆ ಕರೆದೊಯ್ದು, ದ್ವಾರದ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿ ತೋರಿಸುವುದು ವಾಡಿಕೆ. ಆದರೆ ಕೋಟೆಯೊಳಗಿನ ಕತ್ತಲ ಕೋಣೆಯೊಂದರ ಮುಂದೆ ಬಂದಾಗ ನೋಡುಗರ ಮಾತು ತಾನಾಗಿ ನಿಲ್ಲುತ್ತದೆ. ಅದರ ಗೋಡೆಯ ಮೇಲಿರುವ ಶ್ರೀರಾಮ, ಲಕ್ಷ್ಮಣ, ಆಂಜನೇಯರ ಒರಟು ಶಿಲ್ಪಗಳನ್ನು ಭದ್ರಾಚಲ ರಾಮದಾಸರು ಸೆರೆಯಲ್ಲಿದ್ದಾಗ ಸ್ವಹಸ್ತದಿಂದ ಕೊರೆದರೆಂಬುದು ಪ್ರತೀತಿ.

ರಾಮದಾಸರ ಹುಟ್ಟುಹೆಸರು ಕಂಚರ್ಲ ಗೋಪನ್ನ. ಖಮ್ಮಂ ಸೀಮೆಯ ನೇಲಕೊಂಡಪಲ್ಲಿಯ ಲಿಂಗನ್ನ, ಕಾಮಾಂಬ ದಂಪತಿಗಳ ಪುತ್ರರು. 1672ರಲ್ಲಿ ಗೋಲಕೊಂಡದ ಪಟ್ಟವೇರಿದ ಅಬುಲ್ ಹಸನ್ ತಾನಾಶಾನ ಆಸ್ಥಾನದಲ್ಲಿ ಅಧಿಕಾರ ನಡೆಸುತ್ತಿದ್ದ ಅಕ್ಕನ್ನ, ಮಾದನ್ನ ಸೋದರರು ಇವರಿಗೆ ಸೋದರಮಾವಂದಿರು. ಆ ಬಾಂಧವ್ಯದಿಂದ ಗೋಪನ್ನನವರಿಗೆ ಪಾಲ್ವಂಚ ಪರಗಣೆಯ ತಹಶೀಲ್ದಾರಿಕೆ ದೊರೆಯಿತು. ಗೋದಾವರೀ ತೀರದ ಭದ್ರಾಚಲ ಆ ಪರಗಣೆಗೆ ಸೇರಿತ್ತು. ಅಲ್ಲಿ ಗುಡಿಸಲಿನ ನೆರಳಲ್ಲಿ ಪೂಜೆಗೊಳ್ಳುತ್ತಿದ್ದ ಶ್ರೀರಾಮನಿಗೆ ಗೋಪನ್ನನವರು ದೇಗುಲ ಕಟ್ಟಿಸಿದರು, ಆಭರಣಗಳನ್ನು ಮಾಡಿಸಿದರು. ವೆಚ್ಚವಾದದ್ದು ಖಜಾನೆಗೆ ಸಲ್ಲಬೇಕಾಗಿದ್ದ ಕಂದಾಯ. ಅದು ಆರು ಲಕ್ಷ ವರಹವೆಂದೂ, ಅದಕ್ಕಾಗಿ ಹನ್ನೆರಡು ವರ್ಷ ಸೆರೆವಾಸವಾಯಿತೆಂದೂ ಐತಿಹ್ಯ ಹೇಳುತ್ತದೆ. ಭಕ್ತಿಯ ಕಥೆಗಳಲ್ಲಿ ಅರಸನನ್ನು ಕ್ರೂರಿಯೆಂದು ಚಿತ್ರಿಸುವುದುಂಟು. ಆದರೆ ಲೆಕ್ಕ ಒಪ್ಪಿಸಲಾಗದ ಅಧಿಕಾರಿಯನ್ನು ಯಾವ ಪ್ರಭುತ್ವ ತಾನೇ ಸುಮ್ಮನೆ ಬಿಟ್ಟೀತು?

ಲೆಕ್ಕವನ್ನು ಗೋಪನ್ನನವರು ಕೊನೆಗೆ ಒಪ್ಪಿಸಿದ್ದು ಶ್ರೀರಾಮನಿಗೆ. ಸೆರೆಯ ಯಾತನೆಯಲ್ಲಿ ಹುಟ್ಟಿದ ಒಂದು ಕೀರ್ತನೆ ಜಮಾಖರ್ಚಿನ ಪುಸ್ತಕದಂತೆಯೇ ಸಾಗುತ್ತದೆ. ಭರತನಿಗೆ ಯಾವ ಒಡವೆ, ಶತ್ರುಘ್ನನಿಗೆ ಯಾವುದು, ಸೀತಮ್ಮನ ಪದಕಕ್ಕೆ ಎಷ್ಟು ವರಹ ಎಂದೆಲ್ಲ ಎಣಿಸಿ, ಇವನ್ನೆಲ್ಲ ತೊಟ್ಟು ಮೆರೆಯುವ ನಿನಗೆ ಹಣ ಕೊಟ್ಟವರಾರು ಎಂದು ದೇವರನ್ನೇ ಹಂಗಿಸುತ್ತಾರೆ. ಕಡೆಗೆ, ಏಟಿನ ನೋವು ತಾಳಲಾರದೆ ಬೈದೆನೆಂದು ಕ್ಷಮೆ ಬೇಡುತ್ತಾರೆ. ದೇವರೊಡನೆ ಜಗಳವಾಡುವ ಈ ಸಲಿಗೆ ದಾಸರ ಪದಗಳನ್ನು ಕೇಳಿ ಬೆಳೆದ ನಮಗೆ ಹೊಸದಲ್ಲ. ಪುರಂದರದಾಸರು 1564ರಲ್ಲಿ ಹರಿಪಾದ ಸೇರಿ ಒಂದು ಶತಮಾನ ಕಳೆದ ಮೇಲೆ, ನೆರೆಯ ನುಡಿಯಲ್ಲಿ ಅದೇ ಪಲ್ಲವಿ ಚರಣಗಳ ಧಾಟಿ, ಅದೇ ಆಡುಮಾತಿನ ಸೊಗಸು.

ಈ ಕೀರ್ತನೆಗಳಿಗೆ ರಾಮದಾಸರು ಕೊಟ್ಟ ರಾಗಸಂಚಾರ ಯಾವುದು? ಅವರು ಬರೆದಿಟ್ಟ ಸ್ವರಪ್ರಸ್ತಾರ ಒಂದೂ ನಮ್ಮ ಕೈಸೇರಿಲ್ಲ. ಬರೆದಿಟ್ಟವರ ಗತಿಯನ್ನಾದರೂ ನೋಡಬಹುದು. 1503ರಲ್ಲಿ ದಿವಂಗತರಾದ ತಾಳ್ಳಪಾಕ ಅನ್ನಮಾಚಾರ್ಯರ ಸಾವಿರಾರು ಪದಗಳನ್ನು ತಾಮ್ರಪಟಗಳಲ್ಲಿ ಕೆತ್ತಿಸಿ ತಿರುಮಲೆಯ ಭಂಡಾರದಲ್ಲಿ ಭದ್ರಪಡಿಸಲಾಗಿತ್ತು. ಪದಗಳ ಜೊತೆ ರಾಗದ ಹೆಸರೂ ಉಂಟು. ಆದರೆ ಭಂಡಾರ ಮುಚ್ಚಿದ್ದ ಶತಮಾನಗಳಲ್ಲಿ ಹಾಡುವವರಿಲ್ಲದೆ ಬಹುಪಾಲು ಮಟ್ಟುಗಳು ಕಳೆದುಹೋದವು. ಇಪ್ಪತ್ತನೆಯ ಶತಮಾನದಲ್ಲಿ ಅವು ಬೆಳಕಿಗೆ ಬಂದ ಮೇಲೆ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರಂತಹ ವಿದ್ವಾಂಸರು ಹೊಸದಾಗಿ ರಾಗ ಸಂಯೋಜಿಸಿ ಸ್ವರಲಿಪಿ ಬರೆಯಬೇಕಾಯಿತು.

ರಾಮದಾಸರಿಗೆ ತಾಮ್ರವೂ ಇರಲಿಲ್ಲ, ಭಂಡಾರವೂ ಇರಲಿಲ್ಲ. ಕೀರ್ತನೆಯ ಕೊನೆಯಲ್ಲಿ ಭದ್ರಾದ್ರಿಯ ಹೆಸರು, ತಮ್ಮ ದಾಸನಾಮ, ಇಷ್ಟೇ ಅವರು ಇಟ್ಟುಕೊಂಡ ಹಕ್ಕು. ಒಬ್ಬರು ಹಾಡಿದರೆ ಹತ್ತು ಮಂದಿ ಕೂಡಲೇ ಎತ್ತಿಕೊಳ್ಳುವಂತೆ ಪಲ್ಲವಿಯನ್ನು ಸರಳಗೊಳಿಸಿ, ಭಜನೆಯ ಗೋಷ್ಠಿಗೆ ಬಿಟ್ಟುಕೊಟ್ಟರು. ಕೇಳಿದವರು ಕಲಿತರು, ಕಲಿತವರು ಮುಂದಿನ ಊರಿಗೆ ಒಯ್ದರು. ಮುದ್ರಣದ ನೆರವಿಲ್ಲದೆಯೇ ಅವರ ಕೀರ್ತಿ ಕಾವೇರೀ ತೀರವನ್ನು ಮುಟ್ಟಿತು. ತ್ಯಾಗರಾಜಸ್ವಾಮಿಗಳು ತಮ್ಮ ಕೃತಿಗಳಲ್ಲಿ ರಾಮದಾಸರನ್ನು ಸ್ಮರಿಸಿದ್ದಾರೆ. ತಮಿಳುನಾಡಿನ ಭಜನ ಸಂಪ್ರದಾಯದಲ್ಲಿ ಪುರಂದರದಾಸರ ಪದಗಳೊಡನೆ ರಾಮದಾಸರ ಕೀರ್ತನೆಗಳಿಗೂ ಸ್ಥಾನ ದೊರೆಯಿತು.

ಬಿಡುಗಡೆಯ ಕಥೆ ಎಲ್ಲರೂ ಬಲ್ಲದ್ದು. ರಾಮೋಜಿ, ಲಕ್ಷ್ಮೋಜಿ ಎಂಬ ಹೆಸರಿನ ಇಬ್ಬರು ತರುಣರು ಇರುಳಿನಲ್ಲಿ ತಾನಾಶಾನ ಬಳಿಗೆ ಬಂದು ಹಣವನ್ನೆಲ್ಲ ಸಲ್ಲಿಸಿ ರಸೀದಿ ಪಡೆದರೆಂದೂ, ಆ ರಸೀದಿ ಮಲಗಿದ್ದ ರಾಮದಾಸರ ಬಳಿ ಇತ್ತೆಂದೂ ಜನ ನಂಬಿದ್ದಾರೆ. ದೇವದರ್ಶನ ಅರಸನಿಗಾಯಿತು, ಭಕ್ತರಿಗಾಗಲಿಲ್ಲ! ಇತಿಹಾಸ ಹೇಳುವುದು ಬೇರೊಂದನ್ನು. 1687ರಲ್ಲಿ ಗೋಲಕೊಂಡ ಔರಂಗಜೇಬನ ವಶವಾಗಿ, ತಾನಾಶಾ ದೌಲತಾಬಾದಿನ ಕೋಟೆಯಲ್ಲಿ ಸೆರೆಯಾಳಾಗಿಯೇ ಕಾಲವಾದ. ಅವನ ಕಾಲದಿಂದ ಬಂದದ್ದೆಂದು ಹೇಳುವ ಮುತ್ತಿನ ಅಕ್ಷತೆಯನ್ನು ಇಂದಿಗೂ ಶ್ರೀರಾಮನವಮಿಯ ಕಲ್ಯಾಣೋತ್ಸವಕ್ಕೆ ಸರ್ಕಾರ ಭದ್ರಾಚಲಕ್ಕೆ ಕಳುಹಿಸುತ್ತದೆ. ರಾಮದಾಸರು ಮಾಡಿಸಿದ ಆಭರಣಗಳು ಅಂದು ಸ್ವಾಮಿಯನ್ನು ಅಲಂಕರಿಸುತ್ತವೆ.

ಕೀರ್ತನೆಗಳಿಗೆ ಸ್ವರಲಿಪಿ ಬಂದದ್ದು ಬಹಳ ತಡವಾಗಿ, ಬೇರೆಯವರ ಕೈಯಿಂದ. ಬಾಲಮುರಳೀಕೃಷ್ಣರ ಕಂಠದಿಂದ ಅವು ಧ್ವನಿಮುದ್ರಿಕೆಗಳಲ್ಲಿ ಮನೆಮನೆಯನ್ನು ತಲುಪಿದವು. ಆದರೂ ಇಂದು ಆನಂದಭೈರವಿಯಲ್ಲಿ ಕಚೇರಿಯ ವಿದ್ವಾಂಸರು ಹಾಡುವ ಧಾಟಿ ಒಂದು, ತಾಳ ಹಿಡಿದು ಭಜನಮಂಡಳಿಯವರು ಹಾಡುವ ಧಾಟಿ ಇನ್ನೊಂದು. ಎರಡರಲ್ಲೂ ಕೊನೆಯ ಚರಣದಲ್ಲಿ ಬರುವುದು ರಾಮದಾಸರ ಹೆಸರೇ.